ಕಂಪ್ಯೂಟರಿಗೆ ‘ಪರವಾಗಿಲ್ಲ ಬಿಡಿ’ ಅನ್ನೋಕೆ ಬರಲ್ಲ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಮಗಳು ವಾರಕ್ಕೆ ಮೂರು ದಿನ ಡೇಕೇರ್‌ಗೆ ಹೋಗ್ತಿದ್ದಳು. ಊರಿಂದ ಅತ್ತೆ ಮಾವ ಬಂದರು ಅಂತ ಸೆಪ್ಟೆಂಬರ್‌ನಿಂದ ಅದನ್ನು ಎರಡು ದಿನಕ್ಕೆ ಇಳಿಸಿದೆವು. ಇಲ್ಲಿ, ನೆದರ್ಲೆಂಡ್ಸ್‌ನಲ್ಲಿ, ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಗೆ ಡೇಕೇರ್ ಫೀಸಿನ ಒಂದು ಪಾಲನ್ನು ಸರ್ಕಾರ ಕೊಡುತ್ತೆ. ‘ಟೂಸ್ಲಾಖ್’ ಅಂತಾರೆ, ಭತ್ಯೆ ಅಂದುಕೊಳ್ಳಿ. ನಮ್ಮ ಅಂದಾಜು ಆದಾಯ, ಮಗುವಿನ ಗಂಟೆಗಳು ಎಲ್ಲ ನಾವೇ ತುಂಬಬೇಕು. ದುಡ್ಡು ತಿಂಗಳು ತಿಂಗಳು ಮುಂಗಡವಾಗಿ ಬರುತ್ತೆ, ಲೆಕ್ಕ ಆಮೇಲೆ. ಏನಾದರೂ ಬದಲಾದರೆ ನಾಲ್ಕು ವಾರದೊಳಗೆ ತಿಳಿಸಬೇಕು. ನಾನು ತಿಳಿಸಲಿಲ್ಲ. ಮರೆತೆ, ಅಷ್ಟೇ. ಅತ್ತೆಗೆ ಇಲ್ಲಿನ ಚಳಿಗೆ ಜ್ವರ, ಆಫೀಸಲ್ಲಿ ರಿಲೀಸ್, ಮನೆ ತುಂಬ ಜನ.

ಒಂದು ದಿನ ಪತ್ರ ಬಂತು, ಹೆಚ್ಚು ಪಡೆದಿದ್ದೀರಿ, ವಾಪಸ್ ಕಟ್ಟಿ ಅಂತ. ಎದೆ ಧಸಕ್ ಅಂತು. ಫೋನ್ ಮಾಡಿದೆ. ಆ ಕಡೆ ಇದ್ದಾಕೆ ನನ್ನ ಹರಕು ಮುರುಕು ಡಚ್ ಕೇಳಿಸಿಕೊಂಡು, “ಇದು ಎಲ್ಲರಿಗೂ ಆಗೋದೇ, ಕಂತಿನಲ್ಲಿ ಕಟ್ತೀರಾ?” ಅಂದಳು. ಹತ್ತು ನಿಮಿಷದಲ್ಲಿ ಮುಗೀತು.

ಮಾರನೇ ದಿನ ಡೇಕೇರ್ ಗೇಟಿನ ಹತ್ತಿರ ಇನ್ನೊಬ್ಬ ತಾಯಿಗೆ ಇದನ್ನು ನಗುತ್ತಾ ಹೇಳಿದೆ. ಅವಳು ನಗಲಿಲ್ಲ. “ನಾನು ಅರ್ಜಿ ಹಾಕೋದೇ ಇಲ್ಲ. ಪೂರ್ತಿ ಫೀಸು ನಾವೇ ಕಟ್ತೀವಿ” ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಈ ದೇಶದಲ್ಲಿ ಆರು ವರ್ಷ ಇದ್ದವರಿಗೆ ಅದನ್ನು ಕೇಳಬೇಕಾಗಿಲ್ಲ.

ಇಲ್ಲಿ ಆಗಿದ್ದು ಇಷ್ಟು. 2013ರಲ್ಲಿ ಬಲ್ಗೇರಿಯಾದ ಕೆಲವರು ಇಲ್ಲಿಗೆ ಬಂದು, ಹೆಸರಿಗೊಂದು ವಿಳಾಸ ತೋರಿಸಿ ಭತ್ಯೆ ಪಡೆದು ಹೋದ ಸುದ್ದಿ ಟೀವಿಯಲ್ಲಿ ಬಂತು. ಜನ ಕೆರಳಿದರು, ಸಂಸತ್ತು ಕೆರಳಿತು. ತೆರಿಗೆ ಇಲಾಖೆ ವಂಚಕರನ್ನು ಹಿಡಿಯಲು ವಿಶೇಷ ತಂಡ ಕಟ್ಟಿತು. ಐಂಡ್ಹೋವನ್‌ನ ಒಂದು ಡೇಕೇರ್ ಏಜೆನ್ಸಿಯ ಮೇಲೆ ಅನುಮಾನ ಬಂದಾಗ, ಅದರ ಮೂಲಕ ಮಕ್ಕಳನ್ನು ಬಿಡುತ್ತಿದ್ದ ಸುಮಾರು 300 ತಂದೆ ತಾಯಂದಿರ ಭತ್ಯೆಯನ್ನು 2014ರಲ್ಲಿ ನಿಲ್ಲಿಸಲಾಯಿತು. ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ ಅಲ್ಲ, ಒಟ್ಟಿಗೆ. ಈ ಕಾರ್ಯಾಚರಣೆಗೆ ಇಟ್ಟಿದ್ದ ಗುಪ್ತ ಹೆಸರು ‘ಹವಾಯಿ’! ಇಂಥ ಹೆಸರುಗಳನ್ನು ಯಾರು ಇಡ್ತಾರೋ.

ಒಂದು ಸಹಿ ಬಿಟ್ಟುಹೋಗಿದೆ, ಪೋಷಕರು ಕಟ್ಟಬೇಕಾದ ತಮ್ಮ ಪಾಲಿನಲ್ಲಿ ಸ್ವಲ್ಪ ಕಡಿಮೆ ಬಿದ್ದಿದೆ, ಒಂದು ರಸೀದಿ ಇಲ್ಲ. ಇಷ್ಟಕ್ಕೆ ಇಡೀ ವರ್ಷದ ಭತ್ಯೆ ವಾಪಸ್. ಕಾನೂನಿಗೆ ಇಲಾಖೆ ಕೊಟ್ಟ ಅರ್ಥವೇ ಹಾಗಿತ್ತು, ಒಂದೋ ಪೂರ್ತಿ ಸರಿ, ಇಲ್ಲವೋ ಸೊನ್ನೆ. ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯವೂ ವರ್ಷಗಟ್ಟಲೆ ಇದನ್ನೇ ಎತ್ತಿಹಿಡಿಯಿತು. ನಿಲುವು ಬದಲಿಸಿದ್ದು 2019ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಸಾವಿರಾರು ಮನೆಗಳಿಗೆ ಹತ್ತಾರು ಸಾವಿರ ಯೂರೋಗಳ ಬಿಲ್ ಹೋಗಿತ್ತು. ಬೇಕೆಂದೇ ಮಾಡಿದ್ದು ಅಂತ ಹಣೆಪಟ್ಟಿ ಬಿದ್ದವರಿಗೆ ಕಂತಿನ ಸೌಲಭ್ಯವೂ ಇಲ್ಲ. ಮನೆ ಹೋಯ್ತು, ಕೆಲಸ ಹೋಯ್ತು, ಮದುವೆಗಳು ಮುರಿದವು. ಈ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳು ಮನೆಯಿಂದ ಹೊರಗೆ, ಸರ್ಕಾರದ ಆರೈಕೆಗೆ ಹೋದರು. ಅದಕ್ಕೆ ಈ ಸಾಲವೇ ಕಾರಣವೋ ಅಲ್ಲವೋ ಅಂತ ಇಲ್ಲಿ ಇವತ್ತಿಗೂ ವಾದ ನಡೆಯುತ್ತೆ.

ಯಾರನ್ನು ಪರೀಕ್ಷಿಸಬೇಕು ಅಂತ ಆರಿಸಲು ಒಂದು ಅಲ್ಗಾರಿದಂ ಇತ್ತು. ಪ್ರತಿ ಅರ್ಜಿಗೂ ಅಪಾಯದ ಅಂಕ ಕೊಡುತ್ತಿತ್ತು. ಡಚ್ ಪೌರತ್ವ ಇದೆಯೋ ಇಲ್ಲವೋ ಅನ್ನೋದೂ ಅದಕ್ಕೆ ಒಂದು ಅಂಶ. 2021ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಇದರ ಬಗ್ಗೆ ದೊಡ್ಡ ವರದಿ ಬರೆಯಿತು. ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಒಂದಿದೆ. ಅತಿ ಹೆಚ್ಚು ಅಂಕ ಬಿದ್ದ ಅರ್ಜಿಯನ್ನು ಒಬ್ಬ ನೌಕರ ಕೂತು ನೋಡುತ್ತಿದ್ದ, ಆದರೆ ಅಂಕ ಯಾಕೆ ಹೆಚ್ಚಾಯ್ತು ಅಂತ ಯಂತ್ರ ಅವನಿಗೆ ಹೇಳುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಲಾಗ್ಸ್ ಇಲ್ಲದ ಅಲರ್ಟ್. ರಾತ್ರಿ ಮೂರಕ್ಕೆ ಎದ್ದು ಅಂಥದ್ದನ್ನು ನೋಡಿದವರಿಗೆ ಗೊತ್ತು, ಕಾರಣ ಕಾಣದಿದ್ದಾಗ ಮನುಷ್ಯ ಯಂತ್ರವನ್ನೇ ನಂಬಿಬಿಡ್ತಾನೆ.

ಇದನ್ನೆಲ್ಲ ಓದುತ್ತಾ ಓದುತ್ತಾ ನಾನು ಆಡಳಿತಶಾಸ್ತ್ರದ ವಿದ್ವಾಂಸರ ಬರಹಗಳಿಗೆ ಬಂದು ಬಿದ್ದೆ. ರೈಲಿನಲ್ಲಿ ಓದೋಕೆ ಇದಕ್ಕಿಂತ ಒಣ ವಿಷಯ ಇಲ್ಲ ಅಂದುಕೊಂಡಿದ್ದೆ. ತಪ್ಪು.

ಇಲ್ಲಿನ ಇಬ್ಬರು ವಿದ್ವಾಂಸರು, ಮಾರ್ಕ್ ಬೋವೆನ್ಸ್ ಮತ್ತು ಸ್ತಾವ್ರೋಸ್ ಜೌರಿದಿಸ್, 2002ರಲ್ಲೇ ಒಂದು ಲೇಖನ ಬರೆದಿದ್ದರು. ಹಗರಣಕ್ಕೆ ಹತ್ತು ವರ್ಷ ಮೊದಲು! ಹಿಂದೆ ಸರ್ಕಾರಿ ನೌಕರ ಅಂದರೆ ಬೀದಿಯಲ್ಲಿ, ಕೌಂಟರಿನಲ್ಲಿ ಜನರ ಎದುರಿಗೆ ಇರುವವನು. ಮುಖ ನೋಡಿ, ಕಥೆ ಕೇಳಿ, ತೀರ್ಮಾನ ಮಾಡುವವನು. ಆಮೇಲೆ ಅವನು ಪರದೆಯ ಹಿಂದೆ ಹೋದ. ಕಂಪ್ಯೂಟರ್ ಕೇಳಿದ ಖಾನೆ ತುಂಬುವುದು ಅವನ ಕೆಲಸವಾಯ್ತು. ಮೂರನೇ ಹಂತದಲ್ಲಿ ಅವನೇ ಇಲ್ಲ, ತೀರ್ಮಾನ ಸಿಸ್ಟಂನದು. ವಿದ್ಯಾರ್ಥಿ ವೇತನ, ಟ್ರಾಫಿಕ್ ದಂಡ ಇಂಥ ಇಲಾಖೆಗಳನ್ನು ಇಟ್ಟುಕೊಂಡು ಅವರು ಇದನ್ನು ತೋರಿಸಿದರು. ಹಾಗಾದರೆ ಆ ವಿವೇಚನೆಯ ಅಧಿಕಾರ ಎಲ್ಲಿಗೆ ಹೋಯ್ತು? ಮಾಯ ಆಗಲಿಲ್ಲ. ಸಿಸ್ಟಂ ವಿನ್ಯಾಸ ಮಾಡುವವರ ಕೈಗೆ, ನಿಯಮವನ್ನು ಕೋಡ್‌ಗೆ ಇಳಿಸುವವರ ಕೈಗೆ ಹೋಯ್ತು.

ಅಂದರೆ ನನ್ನಂಥವರ ಕೈಗೆ. ಇದನ್ನು ಫೋನಿನಲ್ಲಿ ಓದುತ್ತಿರುವ ನಿಮ್ಮಲ್ಲೂ ಎಷ್ಟೋ ಜನರ ಕೈಗೆ. ಒಂದು ‘ಎಲ್ಸ್’ ಬ್ರಾಂಚ್ ಬರೆಯುವಾಗ ನಾವು ಯಾರ ಮುಖವನ್ನೂ ನೋಡಿರುವುದಿಲ್ಲ. ಸ್ಪ್ರಿಂಟ್ ಮುಗಿಯಬೇಕು, ಅಷ್ಟೇ ಇರುತ್ತೆ ತಲೆಯಲ್ಲಿ.

ನೀವು ಕೇಳಬಹುದು, ಕೌಂಟರಿನ ಮನುಷ್ಯ ಅಂಥಾ ದೇವರೇನಲ್ಲ ಅಲ್ವಾ ಅಂತ. ನಿಜ. ಅವನ ವಿವೇಚನೆಗೆ ಮೇಜಿನ ಕೆಳಗೆ ಬೆಲೆ ಇರುತ್ತಿತ್ತು ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕರ್ನಾಟಕದಲ್ಲಿ ‘ಭೂಮಿ’ ಬಂದು ಪಹಣಿ ಕಂಪ್ಯೂಟರಿನಲ್ಲಿ 15 ರೂಪಾಯಿಗೆ ಸಿಗುವಂತಾದಾಗ ಎಷ್ಟು ರೈತರು ನಿಟ್ಟುಸಿರು ಬಿಟ್ಟರು. ಹಾಗಾಗಿ ಮನುಷ್ಯ ಒಳ್ಳೆಯವನು, ಯಂತ್ರ ಕೆಟ್ಟದ್ದು ಅನ್ನೋ ಸಿನಿಮಾ ಕಥೆಯನ್ನು ನಾನು ಒಪ್ಪಲ್ಲ. ಪಹಣಿಯ ಪ್ರತಿ ತೆಗೆದುಕೊಡುವ ಕೆಲಸದಲ್ಲಿ ವಿವೇಚನೆ ಬೇಕಾಗಿಯೇ ಇಲ್ಲ. ಒಬ್ಬ ತಾಯಿ ಮರೆತಳೋ ಮೋಸ ಮಾಡಿದಳೋ ಅಂತ ಹೇಳುವ ಕೆಲಸಕ್ಕೆ ಬೇಕೇ ಬೇಕು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ್ದು ಇಲ್ಲಿನ ಎಡವಟ್ಟು.

ಅದೇ ಬೋವೆನ್ಸ್ ಹದಿನೈದು ವರ್ಷದ ನಂತರ ಇನ್ನೊಂದು ಬರಹದಲ್ಲಿ ಸಿಗುತ್ತಾರೆ. ಡಚ್ ಸರ್ಕಾರಕ್ಕೆ ಸಲಹೆ ಕೊಡುವ ವೈಜ್ಞಾನಿಕ ಮಂಡಳಿ 2017ರಲ್ಲಿ ಪ್ರಕಟಿಸಿದ ವರದಿಯ ಲೇಖಕರಲ್ಲಿ ಅವರೂ ಒಬ್ಬರು. ವರದಿಯ ಹೆಸರೇ ‘ಗೊತ್ತಿದ್ದ ಮಾತ್ರಕ್ಕೆ ಮಾಡಿದಂತಲ್ಲ’ ಅನ್ನೋ ಅರ್ಥದ್ದು. ಜನರಿಗೆ ನಿಯಮ ತಿಳಿಸಿಬಿಟ್ಟರೆ ಸಾಕು, ಪಾಲಿಸದಿದ್ದರೆ ಅದು ಅವರ ಕೊಬ್ಬು ಅಂತ ಸರ್ಕಾರ ಅಂದುಕೊಳ್ಳುತ್ತೆ. ಆದರೆ ಗೊತ್ತಿರುವುದನ್ನು ಸಮಯಕ್ಕೆ ಸರಿಯಾಗಿ ಮಾಡಲು ಬೇರೆಯೇ ಒಂದು ಶಕ್ತಿ ಬೇಕು. ಲಕೋಟೆ ಒಡೆಯುವ ಧೈರ್ಯ, ಕೂತು ಫಾರಂ ತುಂಬುವ ತಾಳ್ಮೆ, ಕೊನೇ ದಿನಾಂಕ ನೆನಪಿಡುವ ತಲೆ. ಈ ಶಕ್ತಿಯ ಕೊರತೆ ಓದಿದವರಲ್ಲೂ, ಒಳ್ಳೆ ಸಂಬಳದವರಲ್ಲೂ ಇರುತ್ತೆ. ಮತ್ತೆ ವಿಚ್ಛೇದನ, ಸಾಲ, ಕಾಯಿಲೆ ಬಂದಾಗ, ಅಂದರೆ ಸರ್ಕಾರದ ನೆರವು ಜಾಸ್ತಿ ಬೇಕಾದಾಗಲೇ, ಅದು ಕುಸಿಯುತ್ತೆ. ಓದುವಾಗ ಅತ್ತೆಯ ಜ್ವರ, ನನ್ನ ಸೆಪ್ಟೆಂಬರ್ ಕಣ್ಣ ಮುಂದೆ ಬಂತು. ನನಗೆ ಮರೆವಿನ ಬೆಲೆ ಕೆಲವು ಕಂತು. ಇನ್ಯಾರಿಗೋ ಅದು ಮನೆ.

ಅದೇ 2017 ಒಂದು ವಿಚಿತ್ರ ವರ್ಷ. ಆ ಐಂಡ್ಹೋವನ್ ಪ್ರಕರಣದ 232 ಕುಟುಂಬಗಳಿಗೆ ಅನ್ಯಾಯವಾಗಿದೆ ಅಂತ ದೇಶದ ಓಂಬುಡ್ಸ್‌ಮನ್ ಆಗಸ್ಟ್‌ನಲ್ಲಿ ಬರೆದ. ಅದಕ್ಕೂ ಮೊದಲು, ಮಾರ್ಚ್‌ನಲ್ಲೇ, ಇಲಾಖೆಯ ಒಳಗಿನ ಕಾನೂನು ಸಲಹೆಗಾರ್ತಿ ಸಾಂಡ್ರಾ ಪಾಲ್ಮೆನ್ ಒಂದು ಟಿಪ್ಪಣಿ ಬರೆದಿದ್ದರು: ನಾವು ಮಾಡಿದ್ದು ತಪ್ಪು, ಈ ಪೋಷಕರಿಗೆ ಪರಿಹಾರ ಕೊಡಬೇಕು. ಟಿಪ್ಪಣಿ ಕಡತದಲ್ಲೇ ಉಳಿಯಿತು. ಹೊರಬಂದಿದ್ದು 2020ರಲ್ಲಿ. ಅಂದರೆ ವಿವೇಚನೆ ಇರುವ ಮನುಷ್ಯರು ಒಳಗೆ ಇರಲಿಲ್ಲ ಅಂತಲ್ಲ. ಅವರ ಮಾತು ಹರಿದು ಮೇಲಕ್ಕೆ ಹೋಗುವ ಪೈಪೇ ಇರಲಿಲ್ಲ. ನನಗೆ ಇಡೀ ಕಥೆಯಲ್ಲಿ ಅಲ್ಗಾರಿದಂಗಿಂತ ಹೆಚ್ಚು ಕಾಡಿದ್ದು ಇದು.

ಉಳಿದದ್ದು ನಿಮಗೆ ಗೊತ್ತಿರಬಹುದು. ಆ ಪೋಷಕರ ವಕೀಲೆ ಏವಾ ಗೊನ್ಸಾಲೆಸ್ ಪೆರೆಸ್, ಇಬ್ಬರು ಹಟಮಾರಿ ಸಂಸದರು, ಕೆಲವು ಪತ್ರಕರ್ತರು ಬಿಡದೆ ಅಗೆದರು. 2020ರ ಡಿಸೆಂಬರ್‌ನಲ್ಲಿ ಸಂಸದೀಯ ಸಮಿತಿ ‘ಕಂಡು ಕೇಳರಿಯದ ಅನ್ಯಾಯ’ ಅನ್ನುವ ಅರ್ಥದ ಹೆಸರಿಟ್ಟು ವರದಿ ಕೊಟ್ಟಿತು. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆಯ ಇಡೀ ಸಂಪುಟ ರಾಜೀನಾಮೆ ಕೊಟ್ಟಿತು. ಅದನ್ನು ರಾಜನಿಗೆ ತಿಳಿಸಲು ರುಟ್ಟೆ ಸೈಕಲ್ ತುಳಿದುಕೊಂಡು ಅರಮನೆಗೆ ಹೋದ ಫೋಟೋ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ‘ಎಂಥಾ ಸರಳ ಪ್ರಧಾನಿ’ ಅಂತ ಓಡಾಡಿತ್ತು. ಯಾಕೆ ಹೋಗ್ತಿದ್ದಾರೆ ಅಂತ ಯಾರೂ ಬರೆದಿರಲಿಲ್ಲ. ಎರಡೇ ತಿಂಗಳಲ್ಲಿ ಚುನಾವಣೆ, ಮತ್ತೆ ಅವರೇ ಪ್ರಧಾನಿ.

ಒಂದು ಕುಟುಂಬಕ್ಕೆ 30,000 ಯೂರೋ ಪರಿಹಾರ ಅಂತ ಘೋಷಣೆ ಆಯ್ತು. ಪರಿಹಾರ ಕೇಳಿದವರು 60,000 ಮೀರಿದರು. ಅವರಲ್ಲಿ ನಿಜವಾಗಿ ನೊಂದವರು ಯಾರು ಅಂತ ಕಂಡುಹಿಡಿಯಲು ಮತ್ತೆ ಫಾರಂ, ಮತ್ತೆ ಕಡತ, ಮತ್ತೆ ವರ್ಷಗಟ್ಟಲೆ ಕಾಯುವುದು! 2024ರ ಡಿಸೆಂಬರ್‌ನಲ್ಲಿ ಈ ಪರಿಹಾರದ ಖಾತೆಗೆ ಹೊಸ ರಾಜ್ಯ ಕಾರ್ಯದರ್ಶಿ ಬಂದರು. ಯಾರು ಗೊತ್ತಾ? ಅದೇ ಸಾಂಡ್ರಾ ಪಾಲ್ಮೆನ್.

ರಿಕ್ ಪೇಟರ್ಸ್, ಆರ್ಯಾನ್ ವಿಡ್ಲಾಕ್ ಅನ್ನುವ ಇಬ್ಬರು 2023ರಲ್ಲಿ ಈ ಹಗರಣದ ಬಗ್ಗೆ ಬರೆದದ್ದನ್ನೂ ಓದಿದೆ. ಇದರಲ್ಲಿ ವಿಡ್ಲಾಕ್ ನಡೆಸುವ ಸಂಸ್ಥೆಯ ಹೆಸರು ‘ಕಾಫ್ಕಾ ಬ್ರಿಗೇಡ್’, ಸರ್ಕಾರಿ ಜಾಲದಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವುದು ಅವರ ಕೆಲಸ. ಒಂದು ಅಲ್ಗಾರಿದಂ ಮೇಲೆ ಎಲ್ಲ ತಪ್ಪು ಹೊರಿಸಿ ಕೈ ತೊಳೆದುಕೊಳ್ಳಬೇಡಿ ಅಂತಾರೆ ಅವರು. ಕಾನೂನು, ದತ್ತಾಂಶ, ಹತ್ತಾರು ಕಚೇರಿ ಒಂದಕ್ಕೊಂದು ಬೆಸೆದುಕೊಂಡಿವೆ. ಒಂದು ಕಡೆ ಬಿದ್ದ ಗುರುತು ಎಲ್ಲ ಕಡೆ ಹಬ್ಬುತ್ತೆ, ಅಳಿಸಲು ಮಾತ್ರ ಯಾರ ಹತ್ತಿರವೂ ರಬ್ಬರ್ ಇಲ್ಲ.

ಇದಕ್ಕೆ ಎದುರಾಗಿ ಎಸ್ಟೋನಿಯಾ ಇದೆ, ತಂತ್ರಜ್ಞಾನದಲ್ಲಿ ಡಚ್ಚರಿಗಿಂತ ಕಮ್ಮಿ ಏನಿಲ್ಲ. ಅಲ್ಲಿ 2019ರಿಂದ ಮಗು ಹುಟ್ಟಿದ್ದು ನೋಂದಣಿ ಆದರೆ ಸಾಕು, ನಿಮಗೆ ಇಂತಿಂಥ ಕುಟುಂಬ ಭತ್ಯೆ ಬರಬೇಕು, ಒಪ್ಪಿಗೆ ಕೊಡಿ ಅಂತ ಸರ್ಕಾರವೇ ಸಂದೇಶ ಕಳಿಸುತ್ತೆ. ತನ್ನ ಹತ್ತಿರ ಇರುವ ಮಾಹಿತಿಯನ್ನು ಮತ್ತೆ ತಾಯಿಯ ಹತ್ತಿರ ಕೇಳಲ್ಲ. ಅಲ್ಲಿಯೂ ದತ್ತಾಂಶ ತಪ್ಪಿದ್ದರೆ ಗತಿ ಏನು ಅನ್ನೋ ಪ್ರಶ್ನೆ ಇದ್ದೇ ಇದೆ. ಆದರೂ ಮರೆಯುವ ಭಾರವನ್ನು ಕಂಪ್ಯೂಟರ್ ಹೊರಲಿ, ಬಾಣಂತಿ ಯಾಕೆ ಹೊರಬೇಕು ಅನ್ನೋದು ನನಗೆ ಹಿಡಿಸಿತು.

ನಮ್ಮ ತಂಡದಲ್ಲಿ ಒಂದು ಟಿಕೆಟ್ ಬಹಳ ದಿನದಿಂದ ಪಟ್ಟಿಯ ತಳದಲ್ಲಿ ಬಿದ್ದಿದೆ. ಸಿಸ್ಟಂ ತಿರಸ್ಕರಿಸಿದ ಅರ್ಜಿಯನ್ನು ಸಹಾಯವಾಣಿಯವರು ಕಾರಣ ನೋಡಿ, ಬೇಕಾದರೆ ತಿರುಗಿಸುವ ಬಟನ್. ನಮ್ಮದು ಸರ್ಕಾರಿ ಕೆಲಸವಲ್ಲ, ಮಾಮೂಲಿ ವಿಮೆ ಸಾಫ್ಟ್‌ವೇರ್. ಸೋಮವಾರ ಅದನ್ನು ಮೇಲೆ ತರೋಣ ಅಂದೆ. “ಎಷ್ಟು ಜನಕ್ಕೆ ಬೇಕಾಗುತ್ತೆ?” ಅಂತ ಕೇಳಿದರು. ನನ್ನ ಹತ್ತಿರ ಸಂಖ್ಯೆ ಇರಲಿಲ್ಲ. ಮುಂದಿನ ತ್ರೈಮಾಸಿಕಕ್ಕೆ ನೋಡೋಣ ಅಂತಾಯ್ತು.

ಅತ್ತೆ ಮಾವ ಊರಿಗೆ ಹೊರಟಿದ್ದಾರೆ. ಮುಂದಿನ ತಿಂಗಳಿಂದ ಮಗಳಿಗೆ ಮತ್ತೆ ಮೂರು ದಿನ ಡೇಕೇರ್. ನಿನ್ನೆ ರಾತ್ರಿ ಅವಳನ್ನು ಮಲಗಿಸಿ, ಲಾಗಿನ್ ಆಗಿ, ಗಂಟೆಗಳನ್ನು ಬದಲಿಸಿದೆ. ಸ್ಕ್ರೀನ್‌ಶಾಟ್ ತೆಗೆದು ನನ್ನ ಫೋನಿನಲ್ಲೊಂದು, ಗಂಡನ ಫೋನಿನಲ್ಲೊಂದು ಇಟ್ಟಿದ್ದೇನೆ.