ಪುಸ್ತಕದಲ್ಲಿ ನಮ್ಮ ಹೆಸರಿರಲಿ

ನನ್ನ ತಂಗಿ ಹಿಂದೂಪುರದಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ಅವಳೂ ನೆರೆಯ ನಾಲ್ವರು ಹೆಂಗಸರೂ ಸೇರಿ ಒಂದು ವರ್ಷ ಒಂದು ಹಾಸ್ಟೆಲಿಗೆ ದಿಂಬಿನ ಗವಸು, ಕಿಟಕಿ ಪರದೆಗಳನ್ನು ಹೊಲಿದು ಕೊಟ್ಟರು. ಬಟ್ಟೆಗೆ ಸಾಲ ತಂದವರು ಅವರು, ರಾತ್ರಿ ಕುಳಿತು ಹೊಲಿದವರೂ ಅವರು. ಬಿಲ್ಲು ಮಾತ್ರ ನಡುವಿನ ಒಬ್ಬ ವ್ಯಾಪಾರಿಯ ಹೆಸರಿನಲ್ಲಿತ್ತು. ಹಣ ಕೈಸೇರಿದ್ದು ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ಲಾಭವನ್ನೆಲ್ಲ ಬಡ್ಡಿಯೇ ತಿಂದಿತ್ತು. ಹಾಸ್ಟೆಲಿಗೆ ಹೋಗಿ ಕೇಳಿದಾಗ, "ನಿಮ್ಮ ಹೆಸರು ನಮ್ಮ ಪುಸ್ತಕದಲ್ಲೇ ಇಲ್ಲವಲ್ಲಮ್ಮಾ" ಎಂದರಂತೆ.

ಚೆಕ್‌ರೋಲಿನಲ್ಲಿ ಹೆಸರಿಲ್ಲದವನ ಗತಿ ಏನೆಂಬುದನ್ನು ತೋಟದ ಜನರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸರಕು ಮಾರುವವರ ವಿಷಯದಲ್ಲೂ ಮಾತು ಅದೇ. ಊರಿನಲ್ಲಿ ಉಳಿದ ನಮ್ಮ ಅಕ್ಕತಂಗಿಯರು, ಲೈನುಮನೆ ಬಿಟ್ಟು ಸ್ವಂತ ಕೈಕಸುಬು ಹಿಡಿದ ನಮ್ಮ ಮಕ್ಕಳು ಇದನ್ನು ತಿಳಿಯಬೇಕೆಂದೇ ಬರೆಯುತ್ತಿದ್ದೇನೆ.

ಅನಂತಪುರದಲ್ಲಿ ಮೂರು ಸರ್ಕಾರಿ ವಿಶ್ವವಿದ್ಯಾಲಯಗಳಿವೆ. ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ 1981ರಲ್ಲಿ ಆಯಿತು, ಜವಾಹರಲಾಲ್ ನೆಹರೂ ತಾಂತ್ರಿಕ ವಿಶ್ವವಿದ್ಯಾಲಯ 2008ರಲ್ಲಿ, ಆಂಧ್ರಪ್ರದೇಶ ಕೇಂದ್ರೀಯ ವಿಶ್ವವಿದ್ಯಾಲಯ 2018ರಲ್ಲಿ. ಇಂಥ ಸಂಸ್ಥೆಗಳು ಕೊಳ್ಳುವುದು ಸೂಕ್ಷ್ಮದರ್ಶಕ, ಕಂಪ್ಯೂಟರುಗಳನ್ನು ಮಾತ್ರವೇ ಅಲ್ಲ. ಹಾಸ್ಟೆಲಿನ ಅಡುಗೆಮನೆಗೆ ಹುಣಿಸೆಹಣ್ಣು ಬೇಕು, ಕಡಲೆಕಾಯಿ ಎಣ್ಣೆ ಬೇಕು. ಕೋಣೆಗೆ ಪರದೆ, ಕಚೇರಿಗೆ ಮೇಜು, ಅಂಗಳಕ್ಕೆ ಪೊರಕೆ ಬೇಕು. ಹಿಂದೂಪುರ ಹುಣಿಸೆಯ ಮಾರುಕಟ್ಟೆಗೆ ಹೆಸರಾದ ಊರು. ಕಲ್ಯಾಣದುರ್ಗದ ಕಡೆ ಹೊಲವೆಂದರೆ ಕಡಲೆಕಾಯಿ. ಹೀಗಿರುವಾಗ ಬೆಳೆದ ಕೈಗೂ ಕೊಳ್ಳುವ ಕೈಗೂ ನಡುವೆ ಮೂರನೆಯವನ ಹೆಸರು ಏಕೆ ನಿಲ್ಲಬೇಕು?

ಅಲ್ಲಿ ಕೊಳ್ಳುವ ಕ್ರಮ ಗುಟ್ಟಿನದೇನೂ ಅಲ್ಲ. ಸಣ್ಣ ಖರೀದಿಯನ್ನು ಕೊಟೇಶನ್ ತರಿಸಿ ಇಲ್ಲವೇ ಖರೀದಿ ಸಮಿತಿಯ ಮೂಲಕ ಮಾಡುತ್ತಾರೆ, ದೊಡ್ಡದಕ್ಕೆ ಟೆಂಡರು ಕರೆಯುತ್ತಾರೆ. ಕೇಂದ್ರದ ಸಂಸ್ಥೆಗಳು 2017ರ ಸಾಮಾನ್ಯ ಹಣಕಾಸು ನಿಯಮಗಳನ್ನು ಅನುಸರಿಸಿ, 2016ರಲ್ಲಿ ಆರಂಭವಾದ 'ಜೆಮ್' ಎಂಬ ಸರ್ಕಾರಿ ಕಂಪ್ಯೂಟರ್ ಸಂತೆಯಲ್ಲಿ ಕೊಳ್ಳುತ್ತವೆ. ರಾಜ್ಯದ ಟೆಂಡರುಗಳಿಗೆ ಆಂಧ್ರ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ತಾಣವಿದೆ. ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ, ಅಗತ್ಯವಿದ್ದಲ್ಲಿ ಜಿ.ಎಸ್.ಟಿ. ನೋಂದಣಿ, ಟೆಂಡರಿಗೆ ಡಿಜಿಟಲ್ ಸಹಿ, ಇಷ್ಟು ಕೈಯಲ್ಲಿರಬೇಕು. ಒಬ್ಬಳಿಗೆ ಇದು ಭಾರ. ಹತ್ತು ಮಂದಿಯ ಸ್ವಸಹಾಯ ಸಂಘಕ್ಕೆ ಭಾರವಲ್ಲ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು 'ಉದ್ಯಮ್' ನೋಂದಣಿ. ಅದು 2020ರ ಜುಲೈ 1ರಿಂದ ಜಾರಿಯಲ್ಲಿದೆ, ಅದಕ್ಕೆ ಒಂದು ಕಾಸೂ ಇಲ್ಲ. ಕಾಸು ಕೇಳುವ ದಲ್ಲಾಳಿಯನ್ನು ನಂಬಬೇಡಿ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಿರಿ. ಬರೀ ಕೊಂಡು ಮಾರುವವರನ್ನು 2021ರ ಜುಲೈಯಲ್ಲಿ ಈ ನೋಂದಣಿಗೆ ಸೇರಿಸಿಕೊಂಡರೂ, ಅವರಿಗೆ ದೊರೆಯುವುದು ಬ್ಯಾಂಕ್ ಸಾಲದ ಸೌಲಭ್ಯವಷ್ಟೇ. ತಡವಾದ ಹಣಕ್ಕೆ ಕಾನೂನಿನ ಆಸರೆ ಇರುವುದು ವಸ್ತುವನ್ನು ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ. ಟೆಂಡರಿನ ಮುಂಗಡ ಠೇವಣಿಯಲ್ಲಿ ಕೇಂದ್ರದ ನಿಯಮ ಕೊಡುವ ವಿನಾಯಿತಿಯೂ ಹಾಗೆಯೇ. ಎಂದರೆ ಹೊಲಿಯುವ ನನ್ನ ತಂಗಿಗೆ ಇರುವ ಹಕ್ಕು ಆ ವ್ಯಾಪಾರಿಗೆ ಇಲ್ಲ! ತನ್ನ ಹೆಸರನ್ನು ಬಿಟ್ಟುಕೊಟ್ಟಾಗ ಅವಳು ಆ ಹಕ್ಕನ್ನೂ ಬಿಟ್ಟುಕೊಟ್ಟಳು.

ಆ ಹಕ್ಕು ಸಣ್ಣದಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ ಸರಕು ಒಪ್ಪಿಕೊಂಡ 15 ದಿನಗಳೊಳಗೆ ಹಣ ಸಲ್ಲಬೇಕು. ಬರೆದುಕೊಂಡ ಕರಾರಿದ್ದರೂ 45 ದಿನ ಮೀರುವಂತಿಲ್ಲ. ಸರಕು ಮುಟ್ಟಿದ 15 ದಿನಗಳಲ್ಲಿ ಬರಹದ ಆಕ್ಷೇಪ ಬಾರದಿದ್ದರೆ ಒಪ್ಪಿದಂತೆಯೇ ಲೆಕ್ಕ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ದೂರು ಕೇಳಲು ರಾಜ್ಯದ ನೆರವು ಮಂಡಲಿ ಇದೆ. ಅಂತರ್ಜಾಲದ ಮೂಲಕವೂ ದೂರು ಕೊಡಬಹುದು. ಆದುದರಿಂದ ಸರಕು ಇಳಿಸಿದ ದಿನವೇ ತಾರೀಕು, ಸಹಿ, ಮೊಹರು ಹಾಕಿಸಿದ ಚೀಟಿಯನ್ನು ಪಡೆಯಿರಿ. ಆ ಚೀಟಿಯನ್ನು ರೇಷನ್ ಕಾರ್ಡಿನಂತೆ ಕಾಪಾಡಿರಿ. ನೋಂದಣಿಯನ್ನು ಸರಕು ಕೊಡುವ ಮೊದಲೇ ಮಾಡಿಸಿರಿ, ಜಗಳ ಬಂದ ಮೇಲಲ್ಲ.

ಸೇವೆ ಮಾರುವವರಿಗೂ ಒಂದು ಮಾತು. ಕಸ ಗುಡಿಸುವುದು, ಅಡುಗೆ, ಕಾವಲು, ಇವುಗಳ ಟೆಂಡರಿನಲ್ಲಿ ಮಾರಾಟಕ್ಕೆ ಬರುವ ಸರಕು ನಮ್ಮ ತೋಳು. ಎಲ್ಲರಿಗಿಂತ ಕಡಿಮೆ ದರ ಬರೆದವನಿಗೆ ಕೆಲಸವೆಂದು ನಮ್ಮ ಸಂಘಗಳೇ ಕನಿಷ್ಠ ಕೂಲಿಗಿಂತ ಕೆಳಗೆ ಇಳಿದರೆ, ನಾವು ದೂರುವ ಕಂಟ್ರಾಕ್ಟರನಿಗೂ ನಮಗೂ ಏನು ವ್ಯತ್ಯಾಸ? ಕಂಟ್ರಾಕ್ಟರನು ಕೂಲಿ ಕೊಡದಿದ್ದಲ್ಲಿ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕೆಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ, 50 ಮತ್ತು ಹೆಚ್ಚು ಗುತ್ತಿಗೆ ಕೆಲಸಗಾರರಿರುವ ಕಡೆಗೆ, ಆ ಮಾತು ಉಳಿದಿದೆ.

ವಿಶ್ವವಿದ್ಯಾಲಯಗಳನ್ನು ನಡೆಸುವವರಿಗೂ ಹೇಳಬೇಕಾದದ್ದಿದೆ. ಕೇಂದ್ರ ಸಚಿವಾಲಯಗಳೂ ಸರ್ಕಾರಿ ಕಂಪನಿಗಳೂ ತಮ್ಮ ವಾರ್ಷಿಕ ಖರೀದಿಯಲ್ಲಿ ಶೇ. 25ನ್ನು ಸಣ್ಣ ಉದ್ದಿಮೆಗಳಿಂದ, ಅದರಲ್ಲಿ ಶೇ. 3ನ್ನು ಮಹಿಳೆಯರಿಂದ, ಶೇ. 4ನ್ನು ಪರಿಶಿಷ್ಟರಿಂದ ಕೊಳ್ಳಬೇಕೆಂಬ ನೀತಿಯಿದೆ. 1950ರ ರಾಷ್ಟ್ರಪತಿ ಆಜ್ಞೆಯ ಕಾರಣ ದಲಿತ ಕ್ರೈಸ್ತರು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿದ್ದಾರೆ, ಆ ನೋವು ಬೇರೆ. ಆದರೆ ಮಹಿಳೆಯರ ಪಾಲು ನಮ್ಮ ತಾಯಂದಿರದೂ ಹೌದು. ಇಂಥ ಪಾಲನ್ನು ಪ್ರತಿಯೊಂದು ವಿಶ್ವವಿದ್ಯಾಲಯವೂ ತಾನಾಗಿಯೇ ಪಾಲಿಸಲಿ. ಟೆಂಡರಿನ ಪ್ರಕಟಣೆಯನ್ನು ಗಡಿಯ ಜನರಿಗೆ ತಿಳಿಯುವಂತೆ ತೆಲುಗಿನೊಂದಿಗೆ ಕನ್ನಡದಲ್ಲೂ ಹಾಕಲಿ. ದೊಡ್ಡ ಟೆಂಡರನ್ನು ಸಣ್ಣವರು ಎತ್ತಬಲ್ಲ ತುಂಡುಗಳಾಗಿ, ನಿಯಮ ಮೀರದಂತೆ, ಹಂಚಲಿ.

ದ್ರಾಕ್ಷೇತೋಟದ ಯಜಮಾನನು ಸಂಜೆಯಾದಾಗ ಆಳುಗಳನ್ನು ಕರೆಸಿ ಕೂಲಿ ಕೊಡಿಸಿದ ಸಾಮ್ಯವನ್ನು ನಾವೆಲ್ಲ ಕೇಳಿದ್ದೇವೆ. ಕೊಟ್ಟದ್ದು ಎಷ್ಟೆಂಬುದರ ಮೇಲೆ ಅಲ್ಲಿ ಗೊಣಗಾಟವಾಯಿತು, ಕೊಡುವುದನ್ನು ಮರುದಿನಕ್ಕೆ ಹಾಕಿದನೆಂದು ಯಾರೂ ಗೊಣಗಲಿಲ್ಲ. ಸಾವಿರಾರು ಮಕ್ಕಳಿಗೆ ವಿದ್ಯೆ ಕೊಡುವ ಸಂಸ್ಥೆಗೆ ಅಷ್ಟು ನಡತೆ ಕಷ್ಟವಾಗಬಾರದು.

ನನ್ನ ತಂಗಿಯ ಸಂಘ ಈಗ ನೋಂದಣಿ ಮಾಡಿಸಿಕೊಂಡಿದೆ. ಇನ್ನೂ ದೊಡ್ಡ ಆರ್ಡರೇನೂ ಬಂದಿಲ್ಲ. ಆದರೆ ಬಿಲ್ಲು ಪುಸ್ತಕದ ತಲೆಯಲ್ಲಿ ಅವರದೇ ಹೆಸರು ಅಚ್ಚಾಗಿದೆ. ಮುಂದಿನ ಸಲ ಹಣ ಕೇಳಲು ಹೋದಾಗ, ಪುಸ್ತಕದಲ್ಲಿ ಹೆಸರಿಲ್ಲವೆಂದು ಯಾರೂ ಅವರನ್ನು ಹಿಂದಕ್ಕೆ ಕಳುಹಿಸಲಾರರು.