ಆ ದರ ಎಲ್ಲಿಂದ ಬಂತು?

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಹಿಂದೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಇದೆ. ಹದಿನಾರು ಅಡಿ ಉದ್ದ, ಹದಿನಾರು ಅಡಿ ಅಗಲ. ಹೋದ ವರ್ಷದ ಮಳೆಗೆ ಅದರ ಒಂದು ಗೋಡೆ ಬಿರುಕು ಬಿಟ್ಟಿತು. ಹೊಸದು ಕಟ್ಟಿಸಿದರೆ ಎಷ್ಟಾಗಬಹುದು ಎಂದು ಕೇಳಲು ಅಪ್ಪ ಊರಿನ ಮೇಸ್ತ್ರಿಯವರನ್ನು ಕರೆಸಿದರು. ಚಿಕ್ಕಂದಿನಿಂದಲೂ ನಾನು ಅವರನ್ನು ಮೇಸ್ತ್ರಿ ಮಾವ ಎಂದೇ ಕರೆಯುವುದು. ಅವರು ಬ್ಯಾರನ್ನಿನ ಸುತ್ತ ಒಂದು ಸುತ್ತು ಹೆಜ್ಜೆ ಹಾಕಿದರು, ಬೀಡಿ ಕಟ್ಟಿನ ಕಾಗದದ ಮೇಲೆ ಏನೋ ಗೀಚಿದರು, ಒಂದು ಮೊತ್ತ ಹೇಳಿದರು. ಹತ್ತು ನಿಮಿಷ ಹಿಡಿದಿರಬಹುದು.

ಸಿವಿಲ್ ಬಿಇ ಓದುತ್ತಿರುವ ನಾನು ಸುಮ್ಮನಿರಲಿಲ್ಲ. ಹಿಂದಿನ ವಾರವಷ್ಟೇ ಎಸ್ಟಿಮೇಷನ್ ಸಾಫ್ಟ್‌ವೇರ್ ಒಂದರ ಟ್ರಯಲ್ ಆವೃತ್ತಿ ಹಾಕಿಕೊಂಡಿದ್ದೆ. ಅಳತೆ ಕೊಟ್ಟೆ, ಗೋಡೆ ಎಳೆದೆ, ಗುಂಡಿ ಒತ್ತಿದೆ. ಬಂದ ಮೊತ್ತ ಮೇಸ್ತ್ರಿ ಮಾವನ ಲೆಕ್ಕದ ಎರಡರಷ್ಟಕ್ಕಿಂತ ಹೆಚ್ಚು! ಅವರು ಪರದೆ ನೋಡಿ ನಕ್ಕರು: ‘ಏನವ್ವಾ, ಇಟ್ಟಿಗೇನ ಅಮೆರಿಕದಿಂದ ತರಿಸ್ತೀಯಾ?’

ನಿಜಕ್ಕೂ ಆಗಿದ್ದು ಅದೇ. ಸಾಫ್ಟ್‌ವೇರ್ ಜೊತೆ ಬಂದಿದ್ದ ಮಾದರಿ ದರಪಟ್ಟಿ ಅಮೆರಿಕದ್ದು. ಅಲ್ಲಿನ ಗಾರೆಯವನ ಗಂಟೆಗೂಲಿ, ಅಲ್ಲಿನ ಇಟ್ಟಿಗೆ ಬೆಲೆ. ನಾನು ಮಾಡಿದ್ದು ಡಾಲರನ್ನು ರೂಪಾಯಿಗೆ ತಿರುಗಿಸಿದ್ದು ಮಾತ್ರ.

ಬ್ಯಾರನ್ ವಿಷಯದಲ್ಲಿ ನಕ್ಕು ಸುಮ್ಮನಾಗಬಹುದು. ಆದರೆ ಇದೇ ತಪ್ಪು ನೂರಾರು ಕೋಟಿಯ ಕಾರ್ಖಾನೆಯ ಅಂದಾಜಿನಲ್ಲಿ ನುಸುಳಿದರೆ? ಈಗ ನಮ್ಮಂಥವರಿಗೆ ಎಸ್ಟಿಮೇಷನ್ ಇಂಜಿನಿಯರ್, ಬಿಲ್ಲಿಂಗ್ ಇಂಜಿನಿಯರ್, ಕ್ವಾಂಟಿಟಿ ಸರ್ವೇಯರ್ ಎಂಬ ಹೆಸರಿನ ಕೆಲಸಗಳ ಆಸೆ ಇದೆ. ಆ ಆಸೆಯ ಬೆನ್ನಿಗೇ ‘ಎರಡು ತಿಂಗಳಲ್ಲಿ ಈ ಸಾಫ್ಟ್‌ವೇರ್ ಕಲಿಯಿರಿ, ಕೆಲಸ ಖಚಿತ’ ಎನ್ನುವ ಕೋರ್ಸ್‌ಗಳೂ ಬಂದಿವೆ. ಹುಣಸೂರಿನಿಂದ ನನ್ನ ಜೊತೆ ಬಸ್ಸಿನಲ್ಲಿ ಬರುವ ಗೆಳತಿಯೊಬ್ಬಳು ಸಂಘದಲ್ಲಿ ಸಾಲ ತೆಗೆದು ಅಂಥದ್ದೊಂದಕ್ಕೆ ಸೇರಿದಳು. ಸರ್ಟಿಫಿಕೇಟ್ ಬಂತು. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಒಂದು ಘನ ಮೀಟರ್ ಕಾಂಕ್ರೀಟಿಗೆ ಈ ದರ ಹಾಕಿದ್ದೀರಲ್ಲ, ಎಲ್ಲಿಂದ ಬಂತು?’ ಸಾಫ್ಟ್‌ವೇರ್‌ನಲ್ಲೇ ಇತ್ತು ಎಂದಳಂತೆ. ಮುಂದಿನ ಅಭ್ಯರ್ಥಿಯನ್ನು ಕರೆದರು.

ದೊಡ್ಡ ಕೈಗಾರಿಕಾ ಯೋಜನೆಗೆ ಸಾಫ್ಟ್‌ವೇರ್ ಆರಿಸುವ ಕಂಪನಿಯೂ ಅದನ್ನು ಕಲಿಯಲು ಹೊರಟ ವಿದ್ಯಾರ್ಥಿಯೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂಬುದು ನನ್ನ ವಾದ. ಅದರಲ್ಲಿ ಎಷ್ಟು ಸೌಲಭ್ಯಗಳಿವೆ ಎನ್ನುವುದು ಆಮೇಲಿನ ಮಾತು. ಅದು ಕೊಡುವ ಪ್ರತಿ ಮೊತ್ತದ ಹಿಂದಿನ ದರ ಎಲ್ಲಿಂದ ಬಂತು ಎಂದು ಬಿಚ್ಚಿ ತೋರಿಸುತ್ತದೆಯೇ, ನಮ್ಮ ದರವನ್ನು ನಾವೇ ಕಟ್ಟಿ ಒಳಗಿಡಲು ಬಿಡುತ್ತದೆಯೇ? ಇದು ಮೊದಲು.

ಹಾಗಾದರೆ ಎಕ್ಸೆಲ್ ಸಾಕಲ್ಲ ಎನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮಿನಿ ಪ್ರಾಜೆಕ್ಟಿಗೆಂದು ಒಂದು ಶೆಡ್ಡಿನ ಕಬ್ಬಿಣದ ಲೆಕ್ಕ ಮಾಡುವಾಗ 12 ಎಂಎಂ ಕಂಬಿಯ ಜಾಗದಲ್ಲಿ 16 ಎಂದು ಒತ್ತಿಬಿಟ್ಟೆ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಕಿಲೋಗಳಲ್ಲಿ ಸಿಗುತ್ತದೆ. ಸೈಟಿನಲ್ಲಿ ಎಲ್ಲರಿಗೂ ಬಾಯಿಪಾಠ. 12 ಎಂಎಂಗೆ 0.89 ಕಿಲೋ, 16 ಎಂಎಂಗೆ 1.58 ಕಿಲೋ. ಒಂದು ಅಂಕಿಯ ತಪ್ಪಿನಿಂದ ಆ ಸಾಲಿನ ಕಬ್ಬಿಣ ಮುಕ್ಕಾಲು ಪಾಲಿಗಿಂತ ಜಾಸ್ತಿ ಏರಿತು. ಎಕ್ಸೆಲ್ ತಕರಾರು ಎತ್ತಲಿಲ್ಲ. ಐದಾರು ಸಾವಿರ ಸಾಲುಗಳಿರುವ, ಹತ್ತು ಜನ ಕೂತು ತುಂಬುವ ಅಂದಾಜುಪಟ್ಟಿಯಲ್ಲಿ ಇಂಥ ತಪ್ಪನ್ನು ಯಾರು ಹಿಡಿಯುತ್ತಾರೆ? ‘ಫೈನಲ್’, ‘ಫೈನಲ್ 2’, ‘ಪಕ್ಕಾ ಫೈನಲ್’ ಎಂಬ ಮೂರು ಫೈಲುಗಳಲ್ಲಿ ಟೆಂಡರಿಗೆ ಹೋಗಿದ್ದು ಯಾವುದು ಎಂದು ಯಾರಿಗೆ ನೆನಪಿರುತ್ತದೆ? ದೊಡ್ಡ ಕೆಲಸಕ್ಕೆ ಸಾಫ್ಟ್‌ವೇರ್ ಬೇಕೇ ಬೇಕು. ಯಾವುದು ಎಂಬುದಷ್ಟೇ ಪ್ರಶ್ನೆ.

ಕಾರ್ಖಾನೆಯ ಅಂದಾಜು ಮನೆಯ ಅಂದಾಜಿನಂತಲ್ಲ. ಮನೆಗಾದರೆ ‘ಚದರಕ್ಕೆ ಇಷ್ಟು’ ಎಂದು ಒಂದು ಮಾತಿನಲ್ಲಿ ಮುಗಿಸಬಹುದು. ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ನಮ್ಮ ಕಡೆಯವರು ಹೊರಗಿನಿಂದಲಾದರೂ ನೋಡಿರುತ್ತಾರೆ. ಅಂಥ ಕಡೆ ಕಟ್ಟಡವೇ ಎಲ್ಲವೂ ಅಲ್ಲ. ಕಬ್ಬು ಅರೆಯುವ ಗಿರಣಿ, ಬಾಯ್ಲರ್, ರಸ ಕುದಿಸುವ ಪಾತ್ರೆಗಳು, ಮೈಲುಗಟ್ಟಲೆ ಪೈಪು, ವೈರಿಂಗ್, ಮೀಟರುಗಳು ಎಲ್ಲ ಸೇರುತ್ತವೆ. ಸಿವಿಲ್ ಕೆಲಸ ಅದರಲ್ಲಿ ಒಂದು ಪಾಲು ಮಾತ್ರ. ಇನ್ನೊಂದು ಕಷ್ಟವೆಂದರೆ, ಮೊದಲ ಅಂದಾಜು ಕೇಳುವ ಹೊತ್ತಿಗೆ ನಕ್ಷೆಯೇ ಇರುವುದಿಲ್ಲ.

ನಕ್ಷೆ ಇಲ್ಲದೆ ಲೆಕ್ಕ ಹಾಕುವುದು ಹೇಗೆ? ಅದಕ್ಕೊಂದು ಹಳೆಯ ಸೂತ್ರವಿದೆ. ಸಾಮರ್ಥ್ಯ ಎರಡರಷ್ಟಾದರೆ ವೆಚ್ಚ ಎರಡರಷ್ಟಾಗುವುದಿಲ್ಲ, ಎರಡರ 0.6 ಘಾತದಷ್ಟಾಗುತ್ತದೆ, ಅಂದರೆ ಸುಮಾರು ಒಂದೂವರೆ ಪಟ್ಟು. ದಿನಕ್ಕೆ 2,500 ಟನ್ ಕಬ್ಬು ಅರೆಯುವ ಕಾರ್ಖಾನೆಗೆ 100 ಕೋಟಿ ಆಗಿತ್ತು ಎಂದಿಟ್ಟುಕೊಳ್ಳಿ. ಅದೇ ಕಾಲದ ಬೆಲೆಯಲ್ಲಿ 5,000 ಟನ್ನಿನದಕ್ಕೆ 152 ಕೋಟಿಯ ಆಸುಪಾಸು. ಯಂತ್ರಗಳ ಬೆಲೆಯನ್ನು ಒಂದು ಗುಣಕದಿಂದ ಗುಣಿಸಿ ಇಡೀ ಕಾರ್ಖಾನೆಯ ವೆಚ್ಚ ಹೇಳುವ ವಿಧಾನವನ್ನು 1940ರ ದಶಕದಲ್ಲಿ ಹ್ಯಾನ್ಸ್ ಲ್ಯಾಂಗ್ ಎಂಬ ಅಮೆರಿಕದ ಇಂಜಿನಿಯರ್ ಕೊಟ್ಟರು. ಘನ, ದ್ರವ ಎರಡನ್ನೂ ಸಂಸ್ಕರಿಸುವ ಕಾರ್ಖಾನೆಗೆ ಅವರ ಗುಣಕ 3.63.

ಇವು ಒರಟು ಲೆಕ್ಕಗಳು, ಒರಟು ಎಂದು ಒಪ್ಪಿಕೊಂಡೇ ಬಳಸಬೇಕು. ವೆಚ್ಚ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಎಎಸಿಇ ಅಂದಾಜುಗಳನ್ನು ಐದು ದರ್ಜೆಯಾಗಿ ವಿಂಗಡಿಸಿದೆ. ಐದನೇ ದರ್ಜೆಯ, ಅಂದರೆ ಬರೀ ಯೋಚನೆಯ ಹಂತದ ಅಂದಾಜಿಗಿಂತ ನಿಜವಾದ ವೆಚ್ಚ ಶೇ 30ರಿಂದ 100ರವರೆಗೂ ಮೇಲೆ ಹೋಗಬಹುದು. ಪೂರ್ಣ ನಕ್ಷೆ ಕೈಗೆ ಬಂದ ಮೇಲಿನ ಒಂದನೇ ದರ್ಜೆಯಲ್ಲಿ ಆ ಏರಿಕೆ ಶೇ 3ರಿಂದ 15ರೊಳಗೆ ಬರುತ್ತದೆ.

ಸಾಫ್ಟ್‌ವೇರ್ ಆಯ್ಕೆಯಲ್ಲಿ ಎಡವುವುದು ಇಲ್ಲೇ. ಆಸ್ಪೆನ್‌ಟೆಕ್ ಕಂಪನಿಯ ಕ್ಯಾಪಿಟಲ್ ಕಾಸ್ಟ್ ಎಸ್ಟಿಮೇಟರ್ ಇರುವುದು ರಾಸಾಯನಿಕ, ತೈಲದಂಥ ಸಂಸ್ಕರಣಾ ಘಟಕಗಳಿಗೆ. ವಿವರವಾದ ನಕ್ಷೆ ಬರುವ ಮೊದಲೇ ಯಂತ್ರಗಳ ಪಟ್ಟಿಯಿಂದ ಲೆಕ್ಕ ಕಟ್ಟುತ್ತದೆ. ಪ್ಲಾನ್‌ಸ್ವಿಫ್ಟ್, ಕಾಸ್ಟ್‌ಎಕ್ಸ್ ಮೊದಲಾದವು ನಕ್ಷೆಯಿಂದ ಪರಿಮಾಣ ತೆಗೆಯುವುದರಲ್ಲಿ ಗಟ್ಟಿ. ಕ್ಯಾಂಡಿ, ಹೆವಿಬಿಡ್ ಗುತ್ತಿಗೆದಾರರ ಪರವಾದವು. ಕೂಲಿ, ಯಂತ್ರದ ಬಾಡಿಗೆ, ಸಾಮಗ್ರಿ ಸೇರಿಸಿ ದರ ಕಟ್ಟಲು. ಪ್ರಿಮವೆರಾ ಕಲಿತರೆ ಎಸ್ಟಿಮೇಷನ್ ಬಂದಂತೆ ಎಂದು ನಮ್ಮ ಹಾಸ್ಟೆಲಿನಲ್ಲಿ ಅರ್ಧ ಜನ ನಂಬಿದ್ದಾರೆ. ಅದರ ಮುಖ್ಯ ಕೆಲಸ ವೇಳಾಪಟ್ಟಿ. ಯಾವ ಹಂತದ ಅಂದಾಜು, ಯಾರ ಪರವಾಗಿ ಎಂದು ತಿಳಿಯದೆ ‘ಯಾವುದು ಬೆಸ್ಟ್’ ಎಂದು ಕೇಳುವುದು, ಎಲ್ಲಿಗೆ ಹೋಗಬೇಕೆಂದು ಹೇಳದೆ ಯಾವ ಬಸ್ ಒಳ್ಳೆಯದು ಎಂದು ಸ್ಟ್ಯಾಂಡಿನಲ್ಲಿ ಕೇಳಿದಂತೆ.

ಪರಿಮಾಣ ತೆಗೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ಅದು ತಿಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಗೋಡೆಗೆ ಪ್ಲಾಸ್ಟರ್ ಲೆಕ್ಕ ಹಾಕುವಾಗ ಕಿಟಕಿಯ ಜಾಗ ಕಳೆಯಬೇಕಲ್ಲವೇ? ಸಾಫ್ಟ್‌ವೇರ್ ನಕ್ಷೆ ನೋಡಿ ಸಲೀಸಾಗಿ ಎರಡೂ ಬದಿಯಿಂದ ಕಳೆದುಬಿಡುತ್ತದೆ. ಆದರೆ ನಮ್ಮ ದೇಶದಲ್ಲಿ ಅಳತೆಗೆ ಐಎಸ್ 1200 ಎಂಬ ಮಾನಕವಿದೆ. ಅದರ ಪ್ರಕಾರ ಅರ್ಧ ಚದರ ಮೀಟರ್‌ವರೆಗಿನ ತೆರಪನ್ನು ಕಳೆಯುವಂತೆಯೇ ಇಲ್ಲ. ಅದಕ್ಕಿಂತ ದೊಡ್ಡದು, ಮೂರು ಚದರ ಮೀಟರ್‌ವರೆಗಿನದು, ಎರಡೂ ಬದಿ ಒಂದೇ ಬಗೆಯ ಪ್ಲಾಸ್ಟರ್ ಇದ್ದರೆ ಒಂದು ಬದಿಗೆ ಮಾತ್ರ ಕಡಿತ. ಕಿಟಕಿಯ ಒಳಅಂಚುಗಳಿಗೂ ಗಾರೆ ಬಳಿಯಬೇಕಲ್ಲ, ಅದಕ್ಕೆ ಬದಲಾಗಿ ಈ ರಿಯಾಯಿತಿ. 1.2 ಮೀಟರ್ ಉದ್ದಗಲದ ಒಂದು ಕಿಟಕಿಯಲ್ಲಿ 1.44 ಚದರ ಮೀಟರ್ ವ್ಯತ್ಯಾಸ. ಇನ್ನೂರು ಕಿಟಕಿಯ ಕಟ್ಟಡವಾದರೆ 288 ಚದರ ಮೀಟರ್ ಪ್ಲಾಸ್ಟರ್ ಲೆಕ್ಕದಿಂದಲೇ ಮಾಯ. ಗುತ್ತಿಗೆದಾರ ಕಡಿಮೆ ಮೊತ್ತಕ್ಕೆ ಟೆಂಡರ್ ಹಾಕಿ ಆಮೇಲೆ ತಲೆ ಮೇಲೆ ಕೈ ಹೊರುತ್ತಾನೆ. ಐಎಸ್ 1200ರ ನಿಯಮವನ್ನು ಹೇಳಿಕೊಡಲು ಬಾರದ ಸಾಫ್ಟ್‌ವೇರ್ ಎಷ್ಟೇ ಚೆಂದವಿದ್ದರೂ ಇಲ್ಲಿಗೆ ಒಗ್ಗುವುದಿಲ್ಲ.

ಇನ್ನು ಕಾಲ. ಕಟ್ಟುವುದು ತಡವಾದರೆ ಅಂದಾಜು ಹಳಸುತ್ತದೆ. ನಮ್ಮ ರಾಜ್ಯದ್ದೇ ಉದಾಹರಣೆ ಎತ್ತಿನಹೊಳೆ. ಕೈಗಾರಿಕಾ ಯೋಜನೆ ಅಲ್ಲದಿದ್ದರೂ ಪಂಪ್‌ಹೌಸ್, ಪೈಪು, ವಿದ್ಯುತ್ ಕೆಲಸವೇ ತುಂಬಿರುವ ಯೋಜನೆ ಅದು. 2012ರಲ್ಲಿ 8,323 ಕೋಟಿ ರೂಪಾಯಿ ಎಂದಿದ್ದ ಅಂದಾಜು 2014ರಲ್ಲಿ 12,912 ಕೋಟಿಯಾಯಿತು, 2023ರಲ್ಲಿ 23,251 ಕೋಟಿಗೆ ಹೋಯಿತು. ಸಾಫ್ಟ್‌ವೇರ್ ಇದ್ದಿದ್ದರೆ ಇದು ತಪ್ಪುತ್ತಿತ್ತು ಎಂದು ನಾನು ಹೇಳುವುದಿಲ್ಲ. ಭೂಮಿಯ ಬೆಲೆಯನ್ನಾಗಲಿ ವರ್ಷಗಳ ವಿಳಂಬವನ್ನಾಗಲಿ ಯಾವ ಸಾಫ್ಟ್‌ವೇರೂ ತಡೆಯದು. ಆದರೆ ಏರಿದ ಪ್ರತಿ ಕೋಟಿಯೂ ಯಾವ ಸಾಲಿನಲ್ಲಿ ಏರಿತು, ಪರಿಮಾಣ ಹೆಚ್ಚಿತೋ ದರ ಹೆಚ್ಚಿತೋ ತೆರಿಗೆಯೋ ಎಂದು ಅದು ತೋರಿಸಬಲ್ಲದು. 2022ರ ಜುಲೈನಲ್ಲಿ ಸರ್ಕಾರಿ ಕಾಮಗಾರಿಗಳಲ್ಲಿ ಬಹುಪಾಲಿನ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು. ಇಂಥ ಬದಲಾವಣೆಯನ್ನು ಒಂದು ಕಡೆ ತಿದ್ದಿದರೆ ಇಡೀ ಪಟ್ಟಿ ಬದಲಾಗಬೇಕು, ಯಾರು ಯಾವತ್ತು ತಿದ್ದಿದರು ಎಂಬುದೂ ಉಳಿಯಬೇಕು.

ಆದ್ದರಿಂದ ಡೆಮೊ ತೋರಿಸಲು ಬಂದವರ ಮುಂದೆ ನಾನಾದರೆ ಬಣ್ಣಬಣ್ಣದ ಚಾರ್ಟು ಕೇಳುವುದಿಲ್ಲ. ಕಬ್ಬಿಣದ ದರ ಕಿಲೋಗೆ ಐದು ರೂಪಾಯಿ ಏರಿಸಿ, ಯಾವ ಯಾವ ಸಾಲು ಬದಲಾಯಿತು ತೋರಿಸಿ ಎನ್ನುತ್ತೇನೆ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು ಒಳಗೆ ತುಂಬಿ ಎನ್ನುತ್ತೇನೆ. ಜಲ್ಲಿ, ಎಂ-ಸ್ಯಾಂಡ್ ಬರುವುದು ಲೋಡಿನ ಲೆಕ್ಕದಲ್ಲಿ, ಅಂದಾಜು ಘನ ಮೀಟರಿನಲ್ಲಿ. ಅದನ್ನು ಹೊಂದಿಸಿ ಎನ್ನುತ್ತೇನೆ. ಎಚ್.ಡಿ. ಕೋಟೆಯ ಕಾಡಂಚಿನ ಸೈಟಿನಲ್ಲಿ ನೆಟ್‌ವರ್ಕ್ ಸಿಗದಿದ್ದಾಗ ಇದು ತೆರೆಯುತ್ತದೆಯೇ ಎಂದೂ ಕೇಳುತ್ತೇನೆ. ಕೊನೆಗೆ ಒಂದು: ಮುಂದಿನ ವರ್ಷ ಲೈಸೆನ್ಸ್ ಹಣ ಕಟ್ಟದಿದ್ದರೆ ನಮ್ಮ ದರಗಳು ನಮ್ಮ ಕೈಗೆ ಬರುತ್ತವೆಯೇ? ಹತ್ತು ವರ್ಷ ಕೂಡಿಟ್ಟ ದರಗಳೇ ಕಂಪನಿಯ ಆಸ್ತಿ. ಅದನ್ನು ಒಳಗೆ ಬಿಟ್ಟುಕೊಂಡು ಹೊರಗೆ ಬಿಡದ ಸಾಫ್ಟ್‌ವೇರ್ ಒತ್ತೆ ಅಂಗಡಿ ಇದ್ದಂತೆ.

ವಿದ್ಯಾರ್ಥಿಗಳಾದ ನಮಗೆ ಇದರಲ್ಲಿ ಸಮಾಧಾನದ ಸಂಗತಿಯೂ ಇದೆ. ಕಲಿಯಬೇಕಾದ ಮುಖ್ಯ ಸರಕು ಪುಕ್ಕಟೆ. ಲೋಕೋಪಯೋಗಿ ಇಲಾಖೆಯ ದರಪಟ್ಟಿ ಸಾರ್ವಜನಿಕ. ರಾಜ್ಯದ ಇ-ಸಂಗ್ರಹಣಾ ಪೋರ್ಟಲ್ ಕೆಪಿಪಿಪಿಯಲ್ಲಿ ಟೆಂಡರ್ ದಾಖಲೆಗಳು ಸಿಗುತ್ತವೆ. ಆಟೊಡೆಸ್ಕ್ ವಿದ್ಯಾರ್ಥಿಗಳಿಗೆ ರೆವಿಟ್ ಉಚಿತವಾಗಿ ಕೊಡುತ್ತದೆ. ಅದರಲ್ಲಿ ಮಾದರಿ ಕಟ್ಟಿದರೆ ಪರಿಮಾಣದ ಪಟ್ಟಿಯೂ ಬರುತ್ತದೆ. ಒಂದು ನಿಜವಾದ ಟೆಂಡರ್ ಹಿಡಿದು, ಅದರ ಹತ್ತು ಸಾಲುಗಳ ದರವನ್ನು ಸಿಮೆಂಟ್, ಜಲ್ಲಿ, ಕೂಲಿ ಎಂದು ಬಿಡಿಸಿ ನಾವೇ ಕಟ್ಟಿ ನೋಡಿದರೆ, ಆಮೇಲೆ ಯಾವ ಸಾಫ್ಟ್‌ವೇರನ್ನಾದರೂ ಕೆಲಸಕ್ಕೆ ಸೇರಿದ ಮೇಲೆ ಕಲಿಯಬಹುದು. ಕಾಲೇಜುಗಳೂ ಪಠ್ಯದ ಎರಡು ಕೋಣೆಯ ಮನೆಯ ಅಂದಾಜಿಗೇ ನಿಲ್ಲದೆ ಒಂದು ಶೆಡ್ಡಿನದ್ದೋ ಪಂಪ್‌ಹೌಸಿನದ್ದೋ ನಿಜವಾದ ಟೆಂಡರನ್ನು ಲ್ಯಾಬಿನಲ್ಲಿ ಮಾಡಿಸಬೇಕು. ಅದಾಗುವವರೆಗೆ ಸಾಲ ಮಾಡಿ ಸರ್ಟಿಫಿಕೇಟ್ ಕೊಳ್ಳಬೇಡಿ ಎಂದು ನನ್ನ ಜೊತೆಯವರನ್ನು ಕೇಳಿಕೊಳ್ಳುತ್ತೇನೆ.

ಈ ರಜೆಯಲ್ಲಿ ನಾನು ಮೇಸ್ತ್ರಿ ಮಾವನ ಪಕ್ಕ ಕೂತು ಅವರ ಬ್ಯಾರನ್ ಲೆಕ್ಕವನ್ನು ಸಾಲು ಸಾಲಾಗಿ ಬಿಡಿಸಿ ಬರೆದುಕೊಂಡೆ. ಸಾವಿರ ಇಟ್ಟಿಗೆ ಕಟ್ಟಲು ಎಷ್ಟು ಆಳು, ಎಷ್ಟು ಹೊತ್ತು, ಗಾರೆಗೆ ಎಷ್ಟು ಮೂಟೆ, ಯಾವ ಊರಿನ ಇಟ್ಟಿಗೆ ಎಷ್ಟು ಒಡೆಯುತ್ತದೆ, ಎಲ್ಲಕ್ಕೂ ಅವರಲ್ಲಿ ಉತ್ತರವಿತ್ತು. ಸಿಮೆಂಟಿನ ಸಾಲಿನಲ್ಲಿ ಮಾತ್ರ ನನ್ನ ಲೆಕ್ಕಕ್ಕೂ ಅವರದ್ದಕ್ಕೂ ಎಂಟು ಮೂಟೆ ವ್ಯತ್ಯಾಸ ಬರುತ್ತಿದೆ. ‘ಕಟ್ಟೋವಾಗ ಗೊತ್ತಾಗ್ತದೆ ಬಿಡವ್ವಾ’ ಎಂದಿದ್ದಾರೆ. ಅಪ್ಪ ಅವರ ಲೆಕ್ಕದಂತೆಯೇ ಸಿಮೆಂಟ್ ತರಿಸಿದ್ದಾರೆ.