ಕುದುರೆ ಬಲ್ಲವರ ಮರ್ಯಾದೆ

ಹೈದರಾಬಾದಿನ ನಾಂಪಲ್ಲಿಯ ವಸ್ತುಪ್ರದರ್ಶನ ನುಮಾಯಿಶ್ 1938ರಲ್ಲಿ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಶುರುವಾದದ್ದು. ಈಗಿನ ಮೈದಾನಕ್ಕೆ ಬಂದದ್ದು 1946ರಲ್ಲಿ. ಅದೇ ವರ್ಷ ಸರ್ ಮಿರ್ಜಾ ಇಸ್ಮಾಯಿಲ್ ನಿಜಾಮರ ಪ್ರಧಾನಿಯಾಗಿ ಹೈದರಾಬಾದಿಗೆ ಬಂದರು. ನಮಗೆ ಅವರು ಬೃಂದಾವನ ಉದ್ಯಾನದ ಮೈಸೂರು ದಿವಾನರು. ಅವರ ಅಜ್ಜ ಆಗಾ ಅಲಿ ಅಸ್ಕರ್ ಮಾತ್ರ ಪರ್ಷಿಯಾದ ಶಿರಾಜ್‌ನಿಂದ 1824ರಲ್ಲಿ, ಹದಿನಾರರ ಹರೆಯದಲ್ಲಿ, ಅಣ್ಣತಮ್ಮಂದಿರ ಜೊತೆ ಕುದುರೆ ಹೊಡೆದುಕೊಂಡು ಬೆಂಗಳೂರಿಗೆ ಬಂದ ವ್ಯಾಪಾರಿ.

ಇಂಥವರ ಕಥೆಯನ್ನು 'ಕಷ್ಟಪಟ್ಟರು, ಮೇಲೆ ಬಂದರು' ಎಂದು ಮುಗಿಸುವುದು ನಮ್ಮ ರೂಢಿ. ನನಗೆ ಅದು ಸಾಲದು. ಕಷ್ಟಪಟ್ಟವರೆಲ್ಲ ಮೇಲೆ ಬಂದಿದ್ದರೆ ನಾಂಪಲ್ಲಿ ಸ್ಟೇಷನ್ನಿನ ಹೊರಗೆ ಗಂಟುಮೂಟೆ ತಲೆದಿಂಬು ಮಾಡಿಕೊಂಡು ಯಾರೂ ಮಲಗುತ್ತಿರಲಿಲ್ಲ.

ಅಸ್ಕರ್ ತಂದ ಸರಕಿಗೆ ದಖನ್ನಿನಲ್ಲಿ ಹಿಂದಿನಿಂದಲೂ ಹಸಿವಿತ್ತು. ವಿಜಯನಗರವೂ ಬಹಮನಿಗಳೂ ಕಡಲಾಚೆಯ ಕುದುರೆಗೆ ಹಣ ಸುರಿದವರೇ. ಬೆಂಗಳೂರಿನಲ್ಲಿ ಅವರಿಗೆ ಸಿಕ್ಕ ಗಿರಾಕಿ ಕಮಿಷನರ್ ಮಾರ್ಕ್ ಕಬ್ಬನ್. ಆತನೋ ಕುದುರೆ ಹುಚ್ಚಿನ ಮನುಷ್ಯ. ಕುದುರೆ ಕೊಳ್ಳುವಾಗ ಕಣ್ಣಿಗಿಂತ ಕೈ ಮುಖ್ಯ. ಹಲ್ಲು ನೋಡಿ ವಯಸ್ಸು ಅಂದಾಜು ಮಾಡಬೇಕು. ಮೊಣಕಾಲಿನಿಂದ ಗೊರಸಿನವರೆಗೆ ಅಂಗೈ ಇಳಿಸಿ ಎಲ್ಲಾದರೂ ಬಿಸಿ ತಟ್ಟುತ್ತದೆಯೇ ನೋಡಬೇಕು. ಗಟ್ಟಿ ನೆಲದ ಮೇಲೆ ಓಡಿಸಿ, ಯಾವ ಕಾಲೂರಿದಾಗ ತಲೆ ಮೇಲಕ್ಕೆ ಹಾರುತ್ತದೆ ಎಂದು ಗಮನಿಸಬೇಕು. ಇದನ್ನೆಲ್ಲ ಬಲ್ಲ ಗಿರಾಕಿಗೂ ಕಡೆಗೆ ಮಾರುವವನ ಮಾತಿನ ಮೇಲೆ ನಂಬಿಕೆ ಬೇಕು. ಆ ನಂಬಿಕೆ ಒಮ್ಮೆ ಕುದುರಿದರೆ ಲಾಯದೊಳಗೇ ಉಳಿಯುವುದಿಲ್ಲ. ಕುದುರೆ ವಿಷಯದಲ್ಲಿ ಮೋಸ ಮಾಡದವನಿಗೆ ಬಂಗಲೆ ಕಟ್ಟಿಸುವ ಕೆಲಸವೂ ಬಂತು. ಬೆಂಗಳೂರಿನಲ್ಲಿ ಅವರು ಕಟ್ಟಿಸಿದ ಬಂಗಲೆಗಳು ಒಂದೆರಡಲ್ಲ; ಕನ್ನಿಂಗ್‌ಹ್ಯಾಮ್ ರಸ್ತೆಯ ಪಕ್ಕದಲ್ಲೇ ಅವರ ಹೆಸರಿನ ರಸ್ತೆ ಇಂದಿಗೂ ಇದೆ. ಮೊಮ್ಮಗ ಮಿರ್ಜಾ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾದರು.

ಇಲ್ಲಿ ಎಲ್ಲರೂ ಮರೆಯುವ ಸಂಗತಿಯೊಂದಿದೆ. ಅಸ್ಕರ್ ಸರಕಿನ ಯಜಮಾನನಾಗಿ ಬಂದವರು. ಅವರಿಗೂ ಕಮಿಷನರಿಗೂ ನಡುವೆ ಮೇಸ್ತ್ರಿ ಇರಲಿಲ್ಲ. ಇಂದು ಪರವೂರಿನಿಂದ ಬರುವ ಗಾರೆಯವನ ಕೈಚಳಕ ಕಡಿಮೆಯದೇನಲ್ಲ, ಆದರೆ ಮನೆ ಕಟ್ಟಿಸುವವರಿಗೆ ಅವನ ಮುಖವೇ ಕಾಣದು. ಹೊಗಳಿಕೆಯೂ ಬಾಕಿ ಹಣವೂ ಗುತ್ತಿಗೆದಾರನಲ್ಲೇ ನಿಲ್ಲುತ್ತವೆ.

ಕುದುರೆಯ ಲೋಕದಲ್ಲೂ ಇಂದು ಇದೇ ಕಥೆ. ನಾಂಪಲ್ಲಿಯಿಂದ ಮೂಸಿ ನದಿ ದಾಟಿದರೆ ಮಲಕ್‌ಪೇಟೆ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ 1886ರಲ್ಲಿ ಮೌಲಾಲಿಯಿಂದ ಕುದುರೆ ರೇಸನ್ನು ಅಲ್ಲಿಗೆ ತಂದರು. ರೇಸಿನ ದಿನ ರೇಸ್ ಪುಸ್ತಕ ಕೊಂಡು ನೋಡಿ. ಕುದುರೆಯ ಅಪ್ಪ ಅಮ್ಮನ ಹೆಸರಿದೆ, ಮಾಲೀಕರದಿದೆ, ಟ್ರೈನರ್ ಮತ್ತು ಜಾಕಿಯದಿದೆ. ಬೆಳಗಿನ ಜಾವ ಎದ್ದು, ಅದೇ ಕಾಲಿನ ಮೇಲೆ ಅಂಗೈ ಆಡಿಸಿ, ಬಿಸಿ ಇದೆ ಎಂದು ಮೊದಲು ಕಂಡುಹಿಡಿಯುವ, ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸನ ಹೆಸರಿಲ್ಲ. ಟ್ರೈನರ್ ಕೆಲಸ ಸುಲಭವೆಂದು ನಾನು ಹೇಳುತ್ತಿಲ್ಲ. ಸೋತಾಗ ಬೈಗುಳ ತಿನ್ನುವವರೂ ಅವರೇ. ಕುದುರೆ ಸವಾರಿ ಮಾಡುತ್ತಲೇ ಟ್ರೈನರ್ ಆದವರೂ ಇದ್ದಾರೆ. ಆದರೆ ಟ್ರೈನರ್ ಲೈಸೆನ್ಸ್ ಕೈಗೆ ಬಂದ ಮೇಲೂ ಮಾಲೀಕ ನಂಬಿ ಕುದುರೆ ಒಪ್ಪಿಸಬೇಕು. ಮಾಲೀಕನ ಜೊತೆ ಕುಳಿತು ಮಾತಾಡಲು ಎಂದೂ ಆಸ್ಪದವಿಲ್ಲದ ಸೈಸನಿಗೆ ಆ ನಂಬಿಕೆ ಎಲ್ಲಿಂದ ಬರಬೇಕು?

ರೇಸ್ ಪುಸ್ತಕದಲ್ಲಿ ಸೈಸನ ಹೆಸರನ್ನೂ ಅಚ್ಚು ಹಾಕಲಿ. ಸೈಸರು ಆಗಾಗ ಬದಲಾಗುತ್ತಾರೆ ಎಂಬ ನೆಪ ಬರಬಹುದು. ಜಾಕಿಗಳು ರೇಸಿನಿಂದ ರೇಸಿಗೆ ಬದಲಾಗುತ್ತಾರೆ, ಅವರ ಹೆಸರು ತಪ್ಪದೆ ಬರುತ್ತದೆ.